ಇಜಾಜನ ಐದೂವರೆ ಅಡಿ ಅಗಲದ ಮನೆ

ಅಕ್ಕಿಆಲೂರಿನ ಸಂತೆ ಬಯಲಿನ ಆಚೆ, ಅಕ್ಕಿ ಗಿರಣಿಯ ಗೋಡೆಗೆ ಒತ್ತಿ ಇಳಿಸಿದ ತಗಡಿನ ಕೆಳಗೆ ಕುಳಿತು ತಾಡಪತ್ರಿ ಹೊಲಿಯುತ್ತಿದ್ದ ಇಜಾಜ ಈ ಫೆಬ್ರುವರಿಯಲ್ಲಿ ತೀರಿಕೊಂಡ. ನಲವತ್ತೆರಡು ವಯಸ್ಸು. ಊರಿನವರು ಅವನನ್ನು ಈಗ ನೆನೆಯುವುದು 'ಹೊಳ್ಯಾಗ ಮನಿ ಮಾಡಿದಾಂವ' ಎಂದು, ಸ್ವಲ್ಪ ನಗುತ್ತ. ನಗುವುದಕ್ಕೆ ನನ್ನ ತಕರಾರಿಲ್ಲ. ಅವನಿದ್ದಾಗಲೂ ನಕ್ಕಿದ್ದರು, ಅವನೂ ಕೂಡಿ ನಕ್ಕಿದ್ದ. ಆದರೆ ಅವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಾಯಿದೋಣಿ ಹತ್ತಿದ್ದು ಹುಚ್ಚಿನಿಂದಲ್ಲ. ಯಾಕೆ ಹತ್ತಿದ, ಹೇಗೆ ಇಳಿದ ಎಂಬುದು ಅವನ ಮನೆಯವರನ್ನು ಬಿಟ್ಟರೆ ಪೂರ್ತಿ ಗೊತ್ತಿರುವುದು ನನಗೆ. ಅದಕ್ಕೆ ಬರೆಯುತ್ತಿದ್ದೇನೆ.

ನಾವಿಬ್ಬರೂ ಹತ್ತನೆಯ ತರಗತಿಯವರೆಗೆ ಒಂದೇ ಬೆಂಚಿನಲ್ಲಿ ಕುಳಿತವರು. ನಾನು ಊರಲ್ಲೇ ಉಳಿದು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಇಜಾಜ ಇಪ್ಪತ್ತರ ಹೊತ್ತಿಗೆ ಗೋವಾಕ್ಕೆ ಹೋದ. ಅಲ್ಲಿ ಒಂದು ದೋಣಿಕಟ್ಟೆಯಲ್ಲಿ ಹಾಯಿ ಹೊಲಿಯುವ ಕೆಲಸ ಸಿಕ್ಕಿತು. ಹತ್ತೊಂಬತ್ತು ವರ್ಷ ಅಲ್ಲೇ ಇದ್ದ. ನಡುವೆ ಸವಣೂರಿನ ನಸೀರಾಳನ್ನು ಮದುವೆಯಾದ, ತರನ್ನುಮ ಹುಟ್ಟಿದಳು, ಆರು ವರ್ಷದ ನಂತರ ನದೀಮ ಹುಟ್ಟಿದ. ಇಜಾಜ ವರ್ಷಕ್ಕೆ ಎರಡು ಸಲ ಹಬ್ಬಕ್ಕೆ ಬರುತ್ತಿದ್ದ, ಎಂಟು ದಿನ ಇದ್ದು ಹೋಗುತ್ತಿದ್ದ.

ದೋಣಿಕಟ್ಟೆ ಮುಚ್ಚಿದ ಮೇಲೆ ಅವನು ಒಂದು ಹೊಲಿಗೆ ಯಂತ್ರದ ಸಮೇತ ಊರಿಗೆ ಮರಳಿದ. ಲಾರಿಗಳ ತಾಡಪತ್ರಿ, ಪೆಂಡಾಲಿನ ಬಟ್ಟೆ ಹೊಲಿಯತೊಡಗಿದ. ಕೆಲಸಕ್ಕೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಮನೆಯಲ್ಲಿ. ತರನ್ನುಮ ಆಗ ಹನ್ನೆರಡರ ಹುಡುಗಿ. ಅವಳು ತಂದೆಯನ್ನು ಅಬ್ಬಾ ಎಂದಾಗಲಿ, ಬೇರೆ ಏನೆಂದಾಗಲಿ ಕರೆಯುತ್ತಿರಲಿಲ್ಲ. ಬೈಯುವುದಿಲ್ಲ, ಎದುರಾಡುವುದಿಲ್ಲ. ಊಟಕ್ಕೆ ಕರೆಯಬೇಕಾದರೆ ಎದುರಿಗೆ ಬಂದು ನಿಂತು "ಊಟ" ಎನ್ನುತ್ತಿದ್ದಳು. ಅವನು ಹಿಂದೆ ತಿರುಗಿ ಕುಳಿತಿದ್ದರೆ ಸುತ್ತು ಹಾಕಿ ಮುಂದೆ ಬರುತ್ತಿದ್ದಳೇ ಹೊರತು ಕೂಗುತ್ತಿರಲಿಲ್ಲ. ಎರಡು ವರ್ಷ ಹೀಗೇ ನಡೆಯಿತು.

"ಹುಲಗೇಶ, ನಾ ಆಕಿ ಪಾಲಿಗೆ ವರ್ಷಕ್ಕ ಎರಡು ಸಲ ಬರೋ ಬೀಗ" ಎಂದು ಒಮ್ಮೆ ಹೇಳಿದ. "ಬೀಗರಿಗೆ ಹೆಸರ ಹಿಡದು ಕರೀತಾರೇನು?"

ಗೋವಾದಲ್ಲಿ ಅವನು ಹೊಲಿದು ಕೊಟ್ಟ ಹಾಯಿಗಳಲ್ಲಿ ಹಲವು ಪರದೇಶದ ಸಂಸಾರಗಳವು. ಗಂಡ, ಹೆಂಡತಿ, ಎರಡೋ ಮೂರೋ ಮಕ್ಕಳು, ದೋಣಿಯೇ ಮನೆ. ಅಪ್ಪ ಹಗ್ಗ ಬಿಗಿಯುತ್ತಿದ್ದರೆ ಮಕ್ಕಳು ಅಲ್ಲೇ ಕಾಲು ಇಳಿಬಿಟ್ಟು ಲೆಕ್ಕ ಬಿಡಿಸುತ್ತಿದ್ದರು. ಅದನ್ನು ಅವನು ನನಗೆ ಎಷ್ಟು ಸಲ ಹೇಳಿದನೋ. ಅಲ್ಲಿ ಯಾರೂ ಯಾರನ್ನೂ ಬಿಟ್ಟು ಹೋಗುವಂತಿಲ್ಲ, ಸಿಟ್ಟು ಬಂದರೂ ಇಪ್ಪತ್ತು ಅಡಿಯೊಳಗೇ ಇರಬೇಕು ಎನ್ನುತ್ತಿದ್ದ. ಅವನು ಆ ಸಂಸಾರಗಳನ್ನು ಕಂಡದ್ದು ದೋಣಿ ದಡಕ್ಕೆ ಕಟ್ಟಿದ್ದಾಗ ಮಾತ್ರ. ಅದು ಆಗ ನನಗೂ ಹೊಳೆಯಲಿಲ್ಲ.

ಅವನ ಯೋಜನೆ ಸರಳವಾಗಿತ್ತು. ವರದಾ ಹೊಳೆ ನಮ್ಮ ತಾಲೂಕಿನಿಂದ ಈಶಾನ್ಯಕ್ಕೆ, ಸವಣೂರಿನ ಕಡೆಗೆ ಹರಿಯುತ್ತದೆ. ಸೆಪ್ಟೆಂಬರಿನಲ್ಲಿ ಪಡುವಣ ಗಾಳಿ ಇನ್ನೂ ಬೀಸುತ್ತಿರುತ್ತದೆ. ಕೂಡಲದಲ್ಲಿ ದೋಣಿ ಇಳಿಸಿದರೆ ನೀರು, ಗಾಳಿ ಎರಡೂ ಕೆಳಕ್ಕೆ ಒಯ್ಯುತ್ತವೆ. ಗೋವಿನಜೋಳ ಬಂದು ಊರೂರಿನಲ್ಲಿ ಕಣ ಮಾಡುವ ಕಾಲ. ಎಲ್ಲರ ಮನೆಯಲ್ಲೂ ಹರಿದ ತಾಡಪತ್ರಿ ಇರುತ್ತದೆ. ಯಂತ್ರ ದೋಣಿಯಲ್ಲೇ ಇಟ್ಟುಕೊಂಡು ದಂಡೆಯ ಊರುಗಳಲ್ಲಿ ಹೊಲಿಯುತ್ತ ಹೋಗುವುದು. ನವೆಂಬರಿನಲ್ಲಿ ಮೂಡಗಾಳಿ ಹೊರಟಾಗ ಹಾಯಿ ತಿರುಗಿಸಿ ಅದೇ ದಾರಿಯಲ್ಲಿ ವಾಪಸು.

ನಡುವೆ ಎರಡು ಬ್ಯಾರೇಜುಗಳಿವೆ. ಮಳೆಗಾಲದಲ್ಲಿ ಅವುಗಳ ನೀರು ತಡೆಯುವ ಹಲಗೆ ತೆಗೆದಿರುತ್ತಾರೆ, ಕಂಬಗಳ ನಡುವೆ ನೀರು ಸಲೀಸಾಗಿ ಹೋಗುತ್ತದೆ. ಇಜಾಜ ಬೇಸಿಗೆಯಲ್ಲೇ ಹೋಗಿ ಕಂಬಗಳ ನಡುವಿನ ಕಂಡಿಗೆ ಟೇಪು ಹಿಡಿದ. ಆರೂವರೆ ಅಡಿ. ಅದಕ್ಕೇ ದೋಣಿಯನ್ನು ಐದೂವರೆ ಅಡಿ ಅಗಲ, ಇಪ್ಪತ್ತೆರಡು ಅಡಿ ಉದ್ದ ಮಾಡಿಸಿದ. ನಾಲ್ಕು ಮಂದಿಯ ಮನೆಗೆ ಬ್ಯಾರೇಜು ಅಳತೆ ಕೊಟ್ಟಿತು.

ದೋಣಿ ಕಟ್ಟಿದವನು ಹಾನಗಲ್ಲಿನ ಮೈಲಾರಿ, ಲಾರಿಗೆ ಬಾಡಿ ಕಟ್ಟುವ ಬಡಿಗ. ದೋಣಿಯನ್ನು ಅವನು ಚಿತ್ರದಲ್ಲಿ ಬಿಟ್ಟರೆ ನೋಡಿರಲಿಲ್ಲ. ಆದರೂ ಅಚ್ಚುಕಟ್ಟಾಗಿ ಕಟ್ಟಿದ. ಲಾರಿಗೆ ಹಾಕುವಂತೆ ಒಂದೊಂದು ಅಡಿಗೆ ಒಂದು ಅಡ್ಡಪಟ್ಟಿ, ಮೇಲೆ ದಪ್ಪ ಪ್ಲೈವುಡ್ಡು, ಹೊರಗೆ ಡಾಂಬರು. ಸೇತುವೆ ಬಂದರೆ ಮಡಚಿ ಮಲಗಿಸುವ ಹಾಯಿಕಂಬ. ಹಿಂಭಾಗದಲ್ಲಿ ಬಣ್ಣದಿಂದ 'ಸಾವಕಾಶ ಬರ್ರಿ' ಎಂದು ಬರೆದ.

"ಯಾರು ಬರ್ತಾರೋ ಹಿಂದ?" ಎಂದು ಇಜಾಜ ಕೇಳಿದ.

"ಮೀನ ಬರ್ತಾವಲ್ಲ, ಓದಲಿ ಬಿಡು."

ನಸೀರಾ ಒಪ್ಪಲು ಒಂದು ತಿಂಗಳು ಹಿಡಿಯಿತು. ಅವರ ಮನೆಯಲ್ಲಿ ಮಾತು ಉರ್ದು, ನಾನು ಹೋದಾಗ ಕನ್ನಡ. ಒಪ್ಪಿದ ದಿನ ಆಕೆ ಬೇಕೆಂದೇ ನನ್ನನ್ನು ಕರೆಸಿ, ನನ್ನೆದುರು ಗಂಡನಿಗೆ ಹೇಳಿದ ಮಾತು ಹೀಗಿತ್ತು:

"ಹದಿಮೂರು ವರ್ಷ ನೀವು ಬರೂದನ್ನ ಕಾದೇನಿ. ಇನ್ನ ಎರಡು ತಿಂಗಳು ನಿಮ್ಮ ಹಿಂದ ಬರ್ತೇನಿ, ಅದೇನು ದೊಡ್ಡದಲ್ಲ. ಆದರ ಎಲ್ಲಿಂದ ಹತ್ತಿಸ್ತೀರೋ ಅಲ್ಲೇ ತಂದು ಇಳಿಸಬೇಕು. ನಡುದಾರ್ಯಾಗ ಕೈಬಿಟ್ರ ನಾ ಮಕ್ಕಳನ್ನ ಕಟಗೊಂಡು ಸವಣೂರಿಗೆ ಹೋಗ್ತೇನಿ. ಆಮ್ಯಾಲೆ ಕರಿಯಾಕ ಬರಬ್ಯಾಡ್ರಿ. ಹುಲಗೇಶಣ್ಣಾರು ಕೇಳಸ್ಕೊಂಡಾರ."

ಇಜಾಜ ತಲೆಯಾಡಿಸಿದ. ತರನ್ನುಮಳ ಶಾಲೆಯ ವಿಷಯವನ್ನು ನಾನು ವಹಿಸಿಕೊಂಡೆ. ಒಂಬತ್ತನೆಯ ತರಗತಿ. ಮುಖ್ಯೋಪಾಧ್ಯಾಯರು ಪರಿಚಯದವರು. ನಡುವೆ ದಸರಾ ರಜೆ ಬರುತ್ತದೆ, ನವೆಂಬರ್ ಹದಿನೈದರೊಳಗೆ ಹುಡುಗಿ ಬಂದು ಕುಳಿತರೆ ಹಾಜರಿ ಸರಿಹೋಗುತ್ತದೆ, ಒಂದು ದಿನ ತಪ್ಪಿದರೂ ತನ್ನ ಕೈಯಲ್ಲಿಲ್ಲ ಎಂದರು.

ಸೆಪ್ಟೆಂಬರ್ ಎಂಟರಂದು ಕೂಡಲದಲ್ಲಿ ದೋಣಿ ನೀರಿಗೆ ಬಿತ್ತು. ನೀಲಿ ತಾಡಪತ್ರಿಯ ಹಾಯಿ. ಅದರ ಹೊಲಿಗೆಯನ್ನು ನಾನು ಬೆರಳಿನಿಂದ ಮುಟ್ಟಿ ನೋಡಿದ್ದೆ. ಎರಡು ಸಾಲು, ಒಂದು ಹೊಲಿಗೆಯೂ ಸೊಟ್ಟ ಇಲ್ಲ. ದಂಡೆಯಲ್ಲಿ ನೂರು ಮಂದಿ ಸೇರಿದ್ದರು. ಹಾಯಿಗೆ ಗಾಳಿ ತುಂಬಿದಾಗ ಯಾರೋ "ಏ ಇಜಾಜಾ, ದುಬೈ ಬಂದ್ರ ನನಗೊಂದು ವಾಚ್ ತಗೊಂಬಾರೋ" ಎಂದರು. ನದೀಮ ಮುಂಭಾಗದಲ್ಲಿ ಕೈ ಕಟ್ಟಿ ನಿಂತಿದ್ದ. ತರನ್ನುಮ ಒಳಗಿನಿಂದ ಹೊರಗೆ ಬರಲೇ ಇಲ್ಲ.

ಅಕ್ಟೋಬರ್ ಎರಡು ನನಗೆ ರಜೆ. ಬೈಕಿನಲ್ಲಿ ಹೋಗಿ ಅವರನ್ನು ಹುಡುಕಿದೆ. ಎರಡೂ ಬ್ಯಾರೇಜು ದಾಟಿ, ಸವಣೂರು ತಾಲೂಕಿನ ಒಂದು ಊರಿನ ಕೆಳಗೆ ಕಟ್ಟಿಕೊಂಡಿದ್ದರು. ನನ್ನನ್ನು ಹತ್ತಿಸಿಕೊಂಡು ಹಾಯಿ ಬಿಚ್ಚಿದರು, ಆ ದಿನ ಅರ್ಧ ಹಗಲು ನಾನು ದೋಣಿಯ ಮೇಲೆ ಇದ್ದೆ. ಇಜಾಜನನ್ನು ಅಷ್ಟು ಸುಖವಾಗಿ ನಾನು ಮೊದಲೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಕಷ್ಟ ಇರಲಿಲ್ಲವೆಂದಲ್ಲ. ನಸೀರಾ ಬೆರಳೆಣಿಸಿ ಹೇಳಿದಳು. ಸ್ಟೋವಿನ ಬಳಿ ರೊಟ್ಟಿ ಬಡಿಯಲು ಜಾಗವಿಲ್ಲ, ಹೀಗಾಗಿ ಇಪ್ಪತ್ತು ದಿನದಿಂದ ಅನ್ನ. ದಂಡೆಗೆ ಹೋದಲ್ಲೆಲ್ಲ ಹೆಂಗಸರು ಬಂದು ಒಳಗೆ ಇಣುಕಿ, ಎಲ್ಲಿ ಮಲಗುತ್ತೀರಿ, ಎಲ್ಲಿ ಸ್ನಾನ ಮಾಡುತ್ತೀರಿ ಎಂದು ಕೇಳುತ್ತಾರೆ. ಬೆಳೆದ ಹುಡುಗಿಗೆ ತಿಂಗಳಲ್ಲಿ ನಾಲ್ಕು ದಿನ ಮರೆಯೇ ಇಲ್ಲ, ಇಜಾಜ ಅಡ್ಡ ಒಂದು ಪರದೆ ಹೊಲಿದು ಕೊಟ್ಟಿದ್ದ. ಒಂದು ವಾರ ಮಳೆ ಹೊಡೆದು ಹಾಸಿಗೆಗಳೆಲ್ಲ ತೊಯ್ದು, ಗಂಡ ಹೆಂಡತಿ ಮಾತು ಬಿಟ್ಟಿದ್ದರು. ಮಾತು ಬಿಟ್ಟವರು ಮೊಣಕಾಲಿಗೆ ಮೊಣಕಾಲು ತಾಗಿಸಿ ಊಟ ಮಾಡಿದ್ದರು.

"ನಮಾಜಿಂದು ಹೇಳ ಅಣ್ಣಾರಿಗೆ" ಎಂದ ಇಜಾಜ.

"ನೀವ ಹೇಳ್ರಿ, ಪಾಪ ನಿಮ್ಮದು."

ಮೊದಲ ವಾರ ದೋಣಿಯನ್ನು ಒಂದೇ ಹಗ್ಗದಿಂದ ಕಟ್ಟಿದ್ದನಂತೆ. ನಸೀರಾ ಪಶ್ಚಿಮಕ್ಕೆ ಮುಖ ಮಾಡಿ ನಮಾಜಿಗೆ ನಿಂತಳು. ಗಾಳಿಗೆ ದೋಣಿ ಮೆಲ್ಲಗೆ ತಿರುಗಿತು. ಆಕೆ ಮುಗಿಸಿ ಕಣ್ಣೆತ್ತಿದರೆ ಎದುರಿಗೆ ಸವಣೂರಿನ ದಿಕ್ಕು. "ಹೆಂಗಸರ ಮನಸ್ಸು ತವರ ಕಡೆನ ತಿರಗತೈತಿ ನೋಡು" ಎಂದು ಇಜಾಜ ನಕ್ಕು, ಬೈಸಿಕೊಂಡು, ಆ ದಿನದಿಂದ ಐದು ಹೊತ್ತಿಗೂ ದೋಣಿಯ ಎರಡೂ ತುದಿ ಬಿಗಿದು ಕಟ್ಟುತ್ತಿದ್ದ. ಕೇಳುತ್ತ ನಸೀರಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಅಷ್ಟರಲ್ಲಿ ಹಾಯಿಕಂಬದ ಬುಡದಲ್ಲಿ ಕುಳಿತಿದ್ದ ತರನ್ನುಮ ಕೂಗಿದಳು: "ಅಬ್ಬಾ, ಎಡಕ್ಕ ಬಂಡೆಗಲ್ಲು ಐತಿ. ಹಗ್ಗ ಸಡ್ಲ ಬಿಡ್ರಿ."

ಇಜಾಜ ಹಗ್ಗ ಸಡಿಲಿಸಿದ. ನನ್ನ ಕಡೆ ನೋಡಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದ, "ನಾ ಹಿಂದ ಚುಕ್ಕಾಣಿ ಹಿಡಕೊಂಡು ಕುಂತಿರ್ತೇನಿ, ಮುಂದಿಂದು ಕಾಣಂಗಿಲ್ಲ. ಆಕಿ ಮುಂದ ನೋಡ್ತಾಳ. ಎದುರಿಗೆ ಬಂದು ನಿಂತು ಹೇಳೂದರಾಗ ಬಂಡೆಗೆ ಬಡದಿರತೈತಿ. ಹಂಗಾಗಿ ಕೂಗಬೇಕಾತು. ಮದಲನೇ ದಿನ ಬರೇ 'ಏ' ಅಂದಳು. ನಾಕನೇ ದಿನಕ್ಕ ಇದು."

ಅದಕ್ಕೆ ಹೆಚ್ಚಿನದೇನನ್ನೂ ಅವನು ಆ ಹೊಳೆಯಿಂದ ಬಯಸಿರಲಿಲ್ಲ.

ಐದು ದಿನದ ನಂತರ, ಅಕ್ಟೋಬರ್ ಏಳರ ಬೆಳಿಗ್ಗೆ, ಗ್ರಂಥಾಲಯದ ಬಾಗಿಲು ತೆಗೆದು ಪತ್ರಿಕೆಗಳನ್ನು ಕೋಲಿಗೆ ಸಿಕ್ಕಿಸುವಾಗ ಒಳಪುಟದಲ್ಲಿ ಒಂದು ಪ್ರಕಟಣೆ ನೋಡಿದೆ. ಮಳೆ ಬೇಗ ಹಿಂದೆ ಸರಿದಿರುವುದರಿಂದ ಈ ವರ್ಷ ಹೊಳೆಯ ಎಲ್ಲ ಬ್ಯಾರೇಜುಗಳಿಗೆ ಹನ್ನೆರಡನೆಯ ತಾರೀಖಿನಿಂದಲೇ ಹಲಗೆ ಇಳಿಸಲಾಗುವುದು, ದಂಡೆಯ ರೈತರು ಗಮನಿಸಬೇಕು ಎಂದಿತ್ತು. ಸಾಮಾನ್ಯವಾಗಿ ಆ ಕೆಲಸ ಆಗುವುದು ನವೆಂಬರ್ ಕೊನೆಗೆ. ನಾನು ಎರಡು ಸಲ ಓದಿದೆ. ಪಂಪುಸೆಟ್ಟಿನವರಿಗೆ ಅನುಕೂಲವಾಯಿತು ಎಂದುಕೊಂಡೆ. ರೈತರಿಗೆಂದು ಬರೆದದ್ದನ್ನು ರೈತರ ಸುದ್ದಿಯಾಗಿಯೇ ಓದಿದೆ. ಇಜಾಜನ ನಂಬರು ನನ್ನ ಜೇಬಿನಲ್ಲಿತ್ತು. ನನಗೆ ದೋಣಿ ನೆನಪಾಗಲಿಲ್ಲ.

ಆ ಐದು ದಿನಗಳಲ್ಲಿ ಅವರು ಹಾಯಿ ಇಳಿಸಿ, ದಂಡೆಯಿಂದ ಎತ್ತು ಕಟ್ಟಿ ಹಗ್ಗದಲ್ಲಿ ಎಳೆಸಿದ್ದರೆ ಎರಡೂ ಬ್ಯಾರೇಜು ದಾಟುತ್ತಿದ್ದರು. ಆ ದೂರವನ್ನು ನಾನು ಆಮೇಲೆ ಬೈಕಿನಲ್ಲಿ ಅಳೆದು ನೋಡಿದ್ದೇನೆ.

ಹಲಗೆ ಇಳಿದವು. ಅವರಿಗಿಂತ ಕೆಳಗಿದ್ದ ಮತ್ತೊಂದು ಬ್ಯಾರೇಜಿನದೂ ಇಳಿದದ್ದರಿಂದ ಅವರಿದ್ದ ಕಡೆ ನೀರು ತುಂಬಿ ನಿಂತಿತು, ಹರಿವು ನಿಂತು ಹೊಳೆ ಕೆರೆಯಂತಾಯಿತು. ಇಜಾಜನಿಗೆ ಅದು ಸಂತೋಷವಾಯಿತಂತೆ. ನಿಂತ ನೀರಿನಲ್ಲಿ ಹಾಯಿ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಳಗೆ ಹಲಗೆ ಹಾಕಿದ ಸುದ್ದಿ ಊರವರು ಹೇಳಿದ್ದರು. ಮೇಲಿನವಕ್ಕೂ ಹಾಕಿರಬಹುದು ಎಂದು ಅವನಿಗೆ ತೋಚಲಿಲ್ಲ. ಅವನು ಚಿಕ್ಕಂದಿನಿಂದ ಕಂಡಂತೆ ಅವು ಚಳಿ ಬಿದ್ದ ಮೇಲೆ ಹಾಕುವಂಥವು. ನದೀಮ ಚುಕ್ಕಾಣಿ ಕಲಿತ. ತರನ್ನುಮ ಗಾಳಿಯ ದಿಕ್ಕು ನೋಡಿ ಹಾಯಿ ತಿರುಗಿಸುವುದನ್ನು ಕಲಿತಳು. ಕಣದ ಕೆಲಸ ಕೈತುಂಬ ಇತ್ತು.

ನವೆಂಬರ್ ಐದರ ಸುಮಾರಿಗೆ ಮೂಡಗಾಳಿ ಹೊರಟಿತು, ಅವನು ಹೇಳಿದ ಹಾಗೆಯೇ. ಎಂಟನೆಯ ತಾರೀಖು ಅವರು ತಿರುಗಿ ಹೊರಟರು. ಮುಂದೆ ನೋಡುತ್ತಿದ್ದವಳು ತರನ್ನುಮ. ಹೊಳೆಯ ತಿರುವು ದಾಟಿದಾಗ, "ಅಬ್ಬಾ, ಕಂಡಿ ಇಲ್ಲ" ಎಂದಳಂತೆ.

"ಎಡಕ್ಕ ನೋಡವಾ, ಮೂರನೇದು."

"ಒಂದೂ ಇಲ್ಲರಿ. ಎಲ್ಲಾ ಗ್ವಾಡಿ ಆಗೇತಿ."

ನನಗೆ ಫೋನು ಬಂದದ್ದು ಆ ಮಧ್ಯಾಹ್ನ. ಪ್ರಕಟಣೆ ನನ್ನ ಕಣ್ಣಿಗೆ ಆಗ ಕಂಡಿತು, ಯಾವ ಪುಟ, ಯಾವ ಮೂಲೆ ಎಂಬುದೂ ಸಮೇತ. ಹೇಳಲಿಲ್ಲ. "ಬರ್ತೇನಿ, ಏನಾರ ಮಾಡೂನು" ಎಂದೆ.

ನಸೀರಾ ಇಳಿದು ಬಸ್ಸು ಹತ್ತಬಹುದಿತ್ತು. ಹತ್ತಲಿಲ್ಲ. "ಹದಿನೈದರ ತನಕ ನಾ ಇಲ್ಲೇ ಅದೇನಿ. ನೀವು ಮಾತು ಕೊಟ್ಟೀರಿ, ನಾನೂ ಕೊಟ್ಟೇನಿ" ಎಂದಳು. ಆಕೆಗೂ ಆ ದೋಣಿ ಕೂಡಲ ಮುಟ್ಟುವುದು ಬೇಕಾಗಿತ್ತು ಎಂದು ನನಗೆ ಆಗ ಗೊತ್ತಾಯಿತು.

ಕಬ್ಬಿನ ಗದ್ದೆಯಲ್ಲಿ ಕಾಲುವೆ ತೋಡುತ್ತಿದ್ದ ಜೆಸಿಬಿಯ ಕೊಟ್ರೇಶ ಒಪ್ಪಿದ. ದೋಣಿಯನ್ನು ಪಟ್ಟಿಯಿಂದ ಎತ್ತಿ ಬ್ಯಾರೇಜಿನ ಮೇಲ್ಬದಿಗೆ ಇಳಿಸುವುದು, ಮುಂದಿನದಕ್ಕೂ ಹಾಗೇ ಮಾಡುವುದು. ಪಟ್ಟಿಗಳನ್ನು ಇಜಾಜ ತಾನೇ ಹೊಲಿದ. ದಪ್ಪ ಕ್ಯಾನ್ವಾಸಿನ ನಾಲ್ಕು ಪದರ, ಒಂದು ಮುಂದಕ್ಕೆ, ಒಂದು ಹಿಂದಕ್ಕೆ. ಎರಡು ದಿನ ಕೈಯಲ್ಲೇ ಹೊಲಿದ, ಯಂತ್ರಕ್ಕೆ ಆ ದಪ್ಪ ಹೋಗುತ್ತಿರಲಿಲ್ಲ.

ಹನ್ನೊಂದನೆಯ ತಾರೀಖು ಬೆಳಿಗ್ಗೆ ಎತ್ತಿದರು. ಸಾಮಾನೆಲ್ಲ ಮೊದಲೇ ಇಳಿಸಿದ್ದೆವು. ಮೈಲಾರಿಯನ್ನೂ ನಾನು ಕರೆದುಕೊಂಡು ಹೋಗಿದ್ದೆ. ದೋಣಿ ನೀರಿನಿಂದ ಮೇಲೆದ್ದಿತು, ಒಂದು ಆಳು ಎತ್ತರ, ಎರಡು ಆಳು ಎತ್ತರ. ಆಗ ಒಣ ಕಟ್ಟಿಗೆ ಸೀಳಿದ ಸಪ್ಪಳ ಬಂತು. ದೋಣಿ ನಡುವಿನಲ್ಲಿ ಬಾಗಿ, ಒಂದು ಗಳಿಗೆ ತಡೆದು, ಎರಡು ತುಂಡಾಯಿತು. ಪಟ್ಟಿಗಳು ಹರಿಯಲಿಲ್ಲ. ಎರಡು ತುಂಡೂ ಅವನು ಹೊಲಿದ ಪಟ್ಟಿಗಳಲ್ಲೇ ನೇತಾಡುತ್ತಿದ್ದವು.

ಮೈಲಾರಿ ಕೆಳಗೆ ಕುಳಿತುಬಿಟ್ಟ. "ಲಾರಿಗೆ ಉದ್ದ ತೊಲಿ ಕಂಪನಿಯವರ ಕೊಟ್ಟಿರ್ತಾರ. ನಾವು ಅಡ್ಡ ಪಟ್ಟಿ ಅಷ್ಟ ಹಾಕತೇವಿ. ಉದ್ದದ ತೊಲಿ ನಾ ಹಾಕಬೇಕಂತ ನನಗ..." ಎಂದು ಅಲ್ಲಿಗೇ ನಿಲ್ಲಿಸಿದ. ಇಜಾಜ ಬಲ್ಲದ್ದು ಬಟ್ಟೆ, ಮೈಲಾರಿ ಬಲ್ಲದ್ದು ಲಾರಿ. ನೀರಿನ ಮೇಲಿರುವವರೆಗೆ ನೀರೇ ಆ ದೋಣಿಯನ್ನು ಉದ್ದಕ್ಕೂ ಹೊತ್ತಿತ್ತು. ಅರವತ್ತನಾಲ್ಕು ದಿನ ಹೊತ್ತಿತ್ತು.

ಯಾರೂ ಅಳಲಿಲ್ಲ. ನಸೀರಾ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದಳು. ಇಜಾಜ ಹತ್ತಿರ ಹೋಗಿ, "ಕೂಡಲ ಇನ್ನ ಎಷ್ಟೈತಿ, ಟ್ರ್ಯಾಕ್ಟರಿಗೆ ಹೇರಿಕೊಂಡು ಹೋದರೂ..." ಎಂದ.

"ಟ್ರ್ಯಾಕ್ಟರ್ ಮ್ಯಾಲೆ ಹೋಗೂದಿದ್ರ ಮದಲ ಹೋಗ್ತಿದ್ವಿ ಅಲ್ಲರಿ" ಎಂದಳು. ಗಟ್ಟಿಯಾಗಿಯೂ ಹೇಳಲಿಲ್ಲ. ತರನ್ನುಮ ಪುಸ್ತಕದ ಚೀಲ ಹಾಕಿಕೊಂಡು ತಂದೆಯ ಹಿಂದೆ ನಿಂತಿದ್ದಳು. ಅವನು ನೀರಿನ ಕಡೆ ಮುಖ ಮಾಡಿದ್ದ. ಅವಳು ಸುತ್ತು ಹಾಕಿ ಅವನ ಮುಂದೆ ಬಂದು, "ಬಸ್ ಬಂತು" ಎಂದಳು.

ಇಜಾಜ ಊರಿಗೆ ಬರಲಿಲ್ಲ. ಬ್ಯಾರೇಜಿನ ಕೆಳಗೆ, ಎಮ್ಮೆ ಮೈತೊಳೆಯುವ ಜಾಗದಲ್ಲಿ, ಎರಡು ತುಂಡುಗಳನ್ನು ನೀರಂಚಿಗೆ ಎಳೆದು ಕೂಡಿಸುತ್ತ ಕುಳಿತ. ಹಾಯಿಯನ್ನೇ ಗುಡಾರ ಮಾಡಿಕೊಂಡಿದ್ದ. ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮೊಣಕಾಲು ಮಟ್ಟದ ನಿಂತ ನೀರಿನಲ್ಲಿ ಇಡೀ ದಿನ ನಿಂತಿರುತ್ತಿದ್ದ, ಕಾಲಿನಲ್ಲಿ ಕೊಯ್ದ ಗಾಯಗಳು. ಸವಣೂರಿಗೆ ಎರಡು ಸಲ ಹೋಗಿದ್ದನಂತೆ. ನಸೀರಾ ಚಹಾ ಕೊಟ್ಟಳು. ಒಳಗೆ ಹೊಲಿಗೆ ಯಂತ್ರದ ಸಪ್ಪಳ ಕೇಳುತ್ತಿತ್ತು, ತರನ್ನುಮ ಹೊರಗೆ ಬರಲಿಲ್ಲ. ಶಾಲೆಯಲ್ಲಿ ಹಾಜರಿ ಕಡಿಮೆಯಾಯಿತು, ಹುಡುಗಿಯೇ ಇನ್ನು ಒಲ್ಲೆ ಎಂದಳು. "ಉದ್ದದ ತೊಲಿ ಹಾಕಿ ಕಟ್ಟಿದ್ರ ಬರ್ತಾರ" ಎಂದು ಇಜಾಜ ನನಗೆ ಹೇಳುತ್ತಿದ್ದ. ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಅವನಿಗೂ ಗೊತ್ತಿದ್ದಿರಬೇಕು.

ಜನವರಿ ಕೊನೆಗೆ ಜ್ವರ ಬಂತು. ಮೀನಖಂಡ ಹಿಂಡುತ್ತದೆ ಎಂದ. ಗುಳಿಗೆ ತಿಂದು ಮತ್ತೆ ನೀರಿಗಿಳಿದ. ಮುಂದಿನ ವಾರ ನಾನು ಹೋದಾಗ ಕಣ್ಣು ಅರಿಶಿನದಂತಾಗಿದ್ದವು. ಹುಬ್ಬಳ್ಳಿಗೆ ಒಯ್ದೆ. ಇಲಿ ಜ್ವರ, ನಿಂತ ನೀರಿನಿಂದ ಗಾಯದ ಮೂಲಕ ಬಂದಿದೆ, ಮೂತ್ರಪಿಂಡ ನಿಂತಿವೆ, ನಾಲ್ಕು ದಿನ ಮೊದಲು ಬಂದಿದ್ದರೆ ಎಂದರು ಡಾಕ್ಟರು. ನಸೀರಾ, ಮಕ್ಕಳು ಬರುವ ಹೊತ್ತಿಗೆ ಅವನಿಗೆ ಎಚ್ಚರವಿರಲಿಲ್ಲ. ನದೀಮ ಕೈ ಹಿಡಿದು ಕುಳಿತ. ತರನ್ನುಮ ಮಂಚದ ತಲೆದಿಂಬಿನ ಹಿಂದೆ, ಗೋಡೆಗೆ ಒರಗಿ ನಿಂತಳು. ಎರಡು ಸಲ ಕರೆದಳು. ಫೆಬ್ರುವರಿ ಒಂಬತ್ತರಂದು ಹೋದ.

ನಲವತ್ತನೆಯ ದಿನದ ಊಟಕ್ಕೆ ನಾನು ಸವಣೂರಿಗೆ ಹೋಗಿದ್ದೆ. ಬಂದವರೆಲ್ಲ ಎದ್ದು ಹೋದ ಮೇಲೆ ನಸೀರಾ ಬಾಗಿಲ ಹತ್ತಿರ ಕುಳಿತಳು. ಅಂದು ನಾನು ಪ್ರಕಟಣೆಯ ವಿಷಯ ಹೇಳಿದೆ. ಯಾವ ತಾರೀಖು, ಎಷ್ಟು ದಿನ ಉಳಿದಿದ್ದವು, ಎಲ್ಲವನ್ನೂ ಹೇಳಿದೆ. ತರನ್ನುಮ ಒಳಗೆ ಯಂತ್ರ ತುಳಿಯುವುದನ್ನು ನಿಲ್ಲಿಸಿದಳು.

 ನಸೀರಾ ಕೇಳಿದಳು, "ನೀವು ಹೇಳಿದ್ರೂ ಅವ್ರು ಕೇಳ್ತಿರಲಿಲ್ಲ ಅಂತ ನನ್ನ ಬಾಯಿಂದ ಬರಲಿ ಅಂತ ಕುಂತೀರೇನ್ರಿ, ಅಣ್ಣಾ?"



"ಕೇಳ್ತಿದ್ರು" ಎಂದು ತಾನೇ ಉತ್ತರ ಕೊಟ್ಟಳು. "ನಿಮ್ಮ ಮಾತಂದ್ರ ಕೇಳ್ತಿದ್ರು. ನಾನೂ ಅಷ್ಟ. ನಾ ಬಿಟ್ಟು ಬರದಿದ್ರ ಮದಲನೇ ದಿನನ ದವಾಖಾನಿಗೆ ಎಳಕೊಂಡು ಹೋಗ್ತಿದ್ದೆ. ಇಬ್ಬರೂ ಕೂಡೇ ಮಾಡೇವಿ." ಮತ್ತೆ, "ಈ ಹುಡುಗಿ ಮುಂದ ಇನ್ನೊಮ್ಮೆ ಇದನ್ನ ತಗೀಬ್ಯಾಡ್ರಿ. ಇನ್ನ ನೀವು ಬರದಿದ್ರೂ ನಡಿತೈತಿ" ಎಂದಳು.

ಆಕೆ ಸಿಟ್ಟಿನಿಂದ ಹೇಳಲಿಲ್ಲ. ನದೀಮ ಬಸ್ ನಿಲ್ದಾಣದವರೆಗೆ ಬಂದ. ಹಾನಗಲ್ಲಿನ ಬಸ್ಸು ಬಂದಾಗ ತಲೆಯಾಡಿಸಿ ತಿರುಗಿ ನಡೆದ. ನಾನು ಆಮೇಲೆ ಸವಣೂರಿಗೆ ಹೋಗಿಲ್ಲ.